ಮಕ್ಕಳಿಗೆ ದಿಕ್ಕು ತೋರಿಸುವುದು

ಮೂರನೆಯ ತರಗತಿಯಲ್ಲಿ ಓದುತ್ತಿರುವ ಮಗುವೊಂದನ್ನು ಹತ್ತಿರ ಕರೆದು, "ಉತ್ತರ ದಿಕ್ಕು ಎಲ್ಲಿದೆ, ತೋರಿಸು" ಎಂದು ಕೇಳಿ ನೋಡಿ. ಎಷ್ಟೋ ಮಕ್ಕಳು ಒಂದು ಗಳಿಗೆ ಯೋಚಿಸಿ, ಬೆರಳನ್ನು ಮೇಲಕ್ಕೆತ್ತಿ ಮನೆಯ ಮಾಳಿಗೆಯನ್ನು ತೋರಿಸುತ್ತಾರೆ. "ಹಾಗಾದರೆ ದಕ್ಷಿಣ?" ಎಂದರೆ ಬೆರಳು ನೆಲದ ಕಡೆಗೆ ಇಳಿಯುತ್ತದೆ. ಹಿರಿಯರು ನಗುತ್ತಾರೆ. ಮಗುವೂ ನಾಚಿಕೊಂಡು ನಗುತ್ತದೆ. ಮಾತು ಅಲ್ಲಿಗೇ ಮುಗಿಯುತ್ತದೆ.

ಮೂವತ್ತೇಳು ವರ್ಷ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದ ನನಗೆ ಈ ನಗೆಯಲ್ಲಿ ಪಾಲ್ಗೊಳ್ಳುವ ಧೈರ್ಯವಿಲ್ಲ. ಏಕೆಂದರೆ ಮಗುವಿನ ಆ ಬೆರಳನ್ನು ಮೇಲಕ್ಕೆ ಎತ್ತಿಸಿದವರು ನಾವೇ. ಗೋಡೆಗೆ ಭೂಪಟವನ್ನು ತೂಗುಹಾಕಿದೆವು. ಕೋಲಿನಿಂದ ತೋರಿಸಿ, "ಮೇಲೆ ಉತ್ತರ, ಕೆಳಗೆ ದಕ್ಷಿಣ, ಬಲಕ್ಕೆ ಪೂರ್ವ, ಎಡಕ್ಕೆ ಪಶ್ಚಿಮ" ಎಂದು ಬಾಯಿಪಾಠ ಮಾಡಿಸಿದೆವು. ಮಗು ನಾವು ಹೇಳಿದ್ದನ್ನು ಹೇಳಿದಂತೆಯೇ ಕಲಿತಿದೆ. ತಪ್ಪಾಗಿರುವುದು ಅದರ ನೆನಪಿನಲ್ಲಿ ಅಲ್ಲ, ನಮ್ಮ ಗೋಡೆಯಲ್ಲಿ. ಭೂಮಿ ನೆಲದ ಮೇಲೆ ಹರಡಿಕೊಂಡಿದೆ. ಅದರ ಚಿತ್ರವನ್ನು ನಾವು ನೆಟ್ಟಗೆ ನಿಲ್ಲಿಸಿಬಿಟ್ಟೆವು. ದಿಕ್ಕು ಎಂಬುದು ತನ್ನ ಸುತ್ತ ಇರುವ ಲೋಕದ ಸಂಗತಿ ಎಂದು ಮಗುವಿಗೆ ತಿಳಿಯುವ ಮೊದಲೇ, ಅದೊಂದು ಕಾಗದದ ಅಂಚು ಎಂದು ತಿಳಿಯುವಂತೆ ಮಾಡಿದೆವು.

ಭೂಪಟದ ಮೇಲುಗಡೆ ಉತ್ತರವಿರಬೇಕೆಂಬುದು ಪ್ರಕೃತಿಯ ನಿಯಮವೇನೂ ಅಲ್ಲ, ಕೇವಲ ರೂಢಿ. ಅರಬ್ ಭೂಗೋಳಜ್ಞ ಅಲ್ ಇದ್ರೀಸಿ 1154ರಲ್ಲಿ ಸಿಸಿಲಿಯ ದೊರೆ ಎರಡನೆಯ ರೋಜರನಿಗಾಗಿ ಸಿದ್ಧಪಡಿಸಿದ ಪ್ರಸಿದ್ಧ ಭೂಪಟದಲ್ಲಿ ದಕ್ಷಿಣವೇ ಮೇಲಿದೆ. ಮಧ್ಯಯುಗದ ಯೂರೋಪಿನ ಕ್ರೈಸ್ತ ಮಠಗಳಲ್ಲಿ ಬರೆದ ಜಗತ್ತಿನ ಪಟಗಳಲ್ಲಿ ಬಹುಮಟ್ಟಿಗೆ ಪೂರ್ವ ಮೇಲಿದ್ದು, ನಡುವೆ ಜೆರೂಸಲೆಮ್ ಇರುತ್ತಿತ್ತು. ಉತ್ತರಕ್ಕೆ ಮೇಲಿನ ಪೀಠ ದೊರೆತು ಗಟ್ಟಿಯಾದದ್ದು ಈಚಿನ ಕೆಲವು ಶತಮಾನಗಳಲ್ಲಿ. ಇದನ್ನು ಮಕ್ಕಳಿಗೆ ಇತಿಹಾಸವಾಗಿ ಹೇಳಬೇಕಾಗಿಲ್ಲ. ಆದರೆ ಹೇಳಿಕೊಡುವ ಮೇಷ್ಟರಿಗೆ ಇದು ತಿಳಿದಿದ್ದರೆ, ಅವರು ಭೂಪಟವನ್ನು ಮೊಳೆಯಿಂದ ಇಳಿಸಿ ನೆಲದ ಮೇಲೆ ಹಾಸುವುದಕ್ಕೆ ಹಿಂಜರಿಯುವುದಿಲ್ಲ. ನೆಲದ ಮೇಲೆ ಹಾಸಿ, ಪಟದ ಉತ್ತರ ನಿಜವಾದ ಉತ್ತರದ ಕಡೆಗೆ ಬರುವಂತೆ ತಿರುಗಿಸಿದಾಗ, ಮಗು ಪಟದ ಸುತ್ತ ನಡೆದಾಡಬಹುದು. ಕಾಶಿ ಇರುವುದು ಮಾಳಿಗೆಯ ಮೇಲಲ್ಲ, ಬಾವಿಯ ಆಚೆ ಅದೇ ನೇರಕ್ಕೆ ಬಹುದೂರದಲ್ಲಿ ಎಂದು ಆಗ ಅದಕ್ಕೆ ಹೊಳೆಯುತ್ತದೆ.

ಆದರೆ ನಿಜವಾದ ಉತ್ತರ ಯಾವುದೆಂದು ಮೊದಲು ತಿಳಿಯಬೇಕಲ್ಲ? ಇಲ್ಲಿ ನಾವು ಇನ್ನೊಂದು ಹಳೆಯ ಪಾಠಕ್ಕೆ ಮೊರೆಹೋಗುತ್ತೇವೆ: "ಹುಟ್ಟುವ ಸೂರ್ಯನಿಗೆ ಮುಖಮಾಡಿ ನಿಂತರೆ ಮುಂದೆ ಪೂರ್ವ, ಬೆನ್ನ ಹಿಂದೆ ಪಶ್ಚಿಮ, ಬಲಗೈಗೆ ದಕ್ಷಿಣ, ಎಡಗೈಗೆ ಉತ್ತರ." ಇದು ಬಹು ಪುರಾತನವಾದ ಕ್ರಮ. ಸಂಸ್ಕೃತದ ದಿಕ್ಕಿನ ಹೆಸರುಗಳಲ್ಲಿಯೇ ಅದು ಅಡಗಿದೆ. ಪೂರ್ವ ಎಂದರೆ ಮುಂದಿನದು, ಪಶ್ಚಿಮ ಎಂದರೆ ಹಿಂದಿನದು, ದಕ್ಷಿಣ ಎಂದರೆ ಬಲಗಡೆಯದು. ಆ ಮಾತುಗಳನ್ನು ಕಟ್ಟಿದವನು ಮೂಡಣಕ್ಕೆ ಮುಖಮಾಡಿ ನಿಂತಿದ್ದ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕ್ರಮವೇನೋ ಸರಿಯೆ, ಅದನ್ನು ಕಲಿಸುವಾಗ ನಾವು ಒಂದು ಎಡವಟ್ಟು ಮಾಡುತ್ತೇವೆ. ಮೇಷ್ಟರು ಮಕ್ಕಳಿಗೆ ಎದುರಾಗಿ ನಿಂತು, ತಮ್ಮ ಬಲಗೈಯನ್ನು ಎತ್ತಿ "ಇದು ಬಲಗಡೆ" ಎನ್ನುತ್ತಾರೆ. ಎದುರಿಗಿರುವ ಮಗುವಿಗೆ ಅದು ಎಡಗಡೆ. 1920ರ ದಶಕದಲ್ಲಿ ಜಿನೀವಾದ ಮನಶ್ಶಾಸ್ತ್ರಜ್ಞ ಪಿಯಾಜೆ ಮಕ್ಕಳನ್ನು ಪರೀಕ್ಷಿಸಿ ಈ ವಿಷಯದಲ್ಲಿ ಒಂದು ಮುಖ್ಯ ಸಂಗತಿಯನ್ನು ಕಂಡುಕೊಂಡರು. ತನ್ನ ಎಡಬಲಗಳನ್ನು ಗುರುತಿಸುವುದು ಮಗುವಿಗೆ ಬೇಗನೆ ಬರುತ್ತದೆ. ಎದುರಿಗೆ ನಿಂತವರ ಎಡಬಲಗಳನ್ನು ಅವರ ಸ್ಥಾನದಲ್ಲಿ ನಿಂತು ಹೇಳುವುದು ಸುಮಾರು ಎಂಟು ವರ್ಷದ ತನಕ ಕಷ್ಟ. ಒಂದು ವಸ್ತು ಇನ್ನೊಂದರ ಎಡಕ್ಕೆ, ಮತ್ತೊಂದರ ಬಲಕ್ಕೆ ಏಕಕಾಲದಲ್ಲಿ ಇರಬಹುದೆಂಬ ತಿಳಿವಳಿಕೆ ಇನ್ನೂ ತಡವಾಗಿ ಮೂಡುತ್ತದೆ. ನಾವು ದಿಕ್ಕಿನ ಪಾಠ ಹೇಳುವುದು ಬಹುಮಟ್ಟಿಗೆ ಈ ಮೊದಲ ಎರಡು ಮೆಟ್ಟಿಲುಗಳ ನಡುವೆ ಇರುವ ಮಕ್ಕಳಿಗೆ. ಆದ್ದರಿಂದ ಪರಿಹಾರ ಸುಲಭವಾದದ್ದು, ಆದರೆ ಮೇಷ್ಟರ ಗೌರವಕ್ಕೆ ತುಸು ಕಷ್ಟವಾದದ್ದು. ಅವರು ಮಕ್ಕಳಿಗೆ ಬೆನ್ನುಮಾಡಿ, ಮಕ್ಕಳು ನೋಡುವ ಕಡೆಗೇ ತಾವೂ ನೋಡುತ್ತ ನಿಲ್ಲಬೇಕು.

ಎಡಬಲಗಳಿಗೂ ನಾಲ್ಕು ದಿಕ್ಕುಗಳಿಗೂ ಇರುವ ಅಂತರ ಇದೇ. ನಾನು ತಿರುಗಿದರೆ ನನ್ನ ಎಡಬಲಗಳು ನನ್ನೊಡನೆ ತಿರುಗುತ್ತವೆ, ಉತ್ತರ ತಿರುಗುವುದಿಲ್ಲ. ಮಗುವಿನ ಮಟ್ಟಿಗೆ ಇದು ಚಿಕ್ಕ ಮಾತಲ್ಲ. ತಾನು ಹೇಗೆ ನಿಂತರೂ ಬದಲಾಗದ ಒಂದು ಲೋಕ ತನ್ನ ಹೊರಗೆ ಇದೆ ಎಂಬ ಅರಿವಿನ ಮೊದಲ ಪಾಠ ಅದು.

ಈ ಅರಿವನ್ನು ಹಳ್ಳಿಯ ಮಗು ಶಾಲೆಗೆ ಬರುವ ಮೊದಲೇ ಒಂದಿಷ್ಟು ತಂದಿರುತ್ತದೆ. ನಮ್ಮ ಭಾಷೆಯೇ ಅದಕ್ಕೆ ಕಲಿಸಿರುತ್ತದೆ. ಸೂರ್ಯ ಮೂಡುವ ಕಡೆ ಮೂಡಣ, ಪಡುವ ಕಡೆ ಪಡುವಣ. ಪಡು ಎಂದರೆ ಮಲಗು, ಮುಳುಗು. ಇವು ಬಾಯಿಪಾಠ ಮಾಡಬೇಕಾದ ಹೆಸರುಗಳಲ್ಲ. ಕಣ್ಣಾರೆ ಕಂಡದ್ದನ್ನು ಹೇಳುವ ಕ್ರಿಯಾಪದಗಳು. ಇನ್ನುಳಿದ ಎರಡು ತೆಂಕಣ ಮತ್ತು ಬಡಗಣ. ದಕ್ಷಿಣ ಕನ್ನಡದಲ್ಲಿ ಮೂಡಬಿದಿರೆ ಎಂಬ ಊರಿದೆ; ಅದರ ಪಡುವಲಿಗೆ, ಕಡಲಿನ ಹತ್ತಿರ, ಪಡುಬಿದಿರೆ ಇದೆ. ಎರಡೂ ಹೆಸರುಗಳನ್ನು ಬಲ್ಲ ಮಗುವಿಗೆ ಅವುಗಳಲ್ಲಿ ಯಾವುದು ಸಮುದ್ರಕ್ಕೆ ಹತ್ತಿರ ಎಂದು ಭೂಪಟ ನೋಡದೆಯೇ ಹೇಳಬರುತ್ತದೆ. ಯಕ್ಷಗಾನಕ್ಕೆ ತೆಂಕುತಿಟ್ಟು, ಬಡಗುತಿಟ್ಟು ಎಂದು ಹೆಸರು. ಬಯಲುಸೀಮೆಯ ಆಟಕ್ಕೆ ಮೂಡಲಪಾಯ. ನಮ್ಮ ಶಾಸನಗಳಲ್ಲಿ ದಾನಕೊಟ್ಟ ಭೂಮಿಯ ಎಲ್ಲೆಯನ್ನು ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಸುತ್ತುಹಾಕಿ ಹೇಳಿರುತ್ತಾರೆ. ಇಂದಿಗೂ ಹೊಲಮನೆಗಳ ಕ್ರಯಪತ್ರದಲ್ಲಿ ಚಕ್ಕುಬಂದಿ ಎಂಬ ಭಾಗವಿರುತ್ತದೆ: ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಇಂಥವರ ಹಿತ್ತಿಲು. ಒಬ್ಬ ಬಡ ರೈತನ ಸರ್ವಸ್ವವೂ ಆ ನಾಲ್ಕು ಮಾತುಗಳ ನಡುವೆ ಇರುತ್ತದೆ. ಅದನ್ನು ಓದಿ, ಹೊಲದಲ್ಲಿ ನಿಂತು, ಎಲ್ಲೆ ಎಲ್ಲಿಯದೆಂದು ತೋರಿಸಬಲ್ಲವನು ಮೋಸಹೋಗುವುದು ಕಡಮೆ. ದಿಕ್ಕಿನ ಪಾಠವನ್ನು ಪರೀಕ್ಷೆಯ ಎರಡು ಅಂಕಗಳ ವಿಷಯವೆಂದು ತಿಳಿದವರು ಈ ಚಕ್ಕುಬಂದಿಯನ್ನು ನೆನೆಯಬೇಕು.

ತಮಿಳುನಾಡಿನ ಹಳ್ಳಿಗಳಲ್ಲಿ ಭಾಷಾವಿಜ್ಞಾನಿಗಳು ನಡೆಸಿದ ಅಧ್ಯಯನಗಳಲ್ಲಿ ಇದೇ ಬಗೆಯ ಸಂಗತಿ ಕಂಡುಬಂದಿದೆ. ಪಟ್ಟಣಿಗರು ಎಡಕ್ಕೆ, ಬಲಕ್ಕೆ ಎಂದು ಹೇಳುವ ಕಡೆ ಹಳ್ಳಿಗರು ಮೇಜಿನ ಮೇಲಿನ ಸಣ್ಣ ವಸ್ತುಗಳ ವಿಷಯದಲ್ಲಿಯೂ ಮೂಡಲು, ತೆಂಕಲು ಎಂದು ಮಾತನಾಡುತ್ತಾರೆ. ನಮ್ಮ ಬಯಲುಸೀಮೆಯ ಅಜ್ಜಿಯರೂ, "ಆ ಮಡಕೇನ ಇನ್ನೊಂಚೂರು ಬಡಗಲಾಕ್ಕೆ ಸರಿಸು" ಎನ್ನುತ್ತಿದ್ದುದನ್ನು ನಾನು ಕೇಳಿದ್ದೇನೆ. ಅಂಥ ಮನೆಯಿಂದ ಬಂದ ಮಗುವಿಗೆ ನಾವು ಶಾಲೆಯಲ್ಲಿ ಗೋಡೆಯ ಪಟ ತೋರಿಸಿ, ಮೇಲೆ ಉತ್ತರ ಎಂದು ಹೇಳಿಕೊಡುತ್ತೇವೆ. ಅದು ತಂದಿದ್ದನ್ನು ಅಳಿಸಿ, ನಮ್ಮದನ್ನು ಬರೆಯುತ್ತೇವೆ.

ಹಾಗೆ ಅಳಿಸಿದ ಒಂದು ಪ್ರಸಂಗವನ್ನು ಹೇಳಿಬಿಡುತ್ತೇನೆ. ಈ ಭಾಷಣಕ್ಕೆ ಒಪ್ಪಿಕೊಂಡದ್ದೇ ಅದಕ್ಕಾಗಿ.

1981ರ ಜೂನ್ ತಿಂಗಳು. ನಾನು ಕೆಲಸಕ್ಕೆ ಸೇರಿ ಎರಡನೆಯ ವರ್ಷ. ತುಮಕೂರಿನ ಕಡೆಯ ಒಂದು ಹಳ್ಳಿಯ ಶಾಲೆ. ಮೂರು ಮತ್ತು ನಾಲ್ಕನೆಯ ತರಗತಿಗಳಿಗೆ ದಿಕ್ಕುಗಳ ಪಾಠ ಹೇಳುತ್ತ, ನಾನು ವಿದ್ಯಾರ್ಥಿಯಾಗಿದ್ದಾಗ ಕಲಿತ ಒಂದು ವಾಕ್ಯವನ್ನು ಹಲಗೆಯ ಮೇಲೆ ಬರೆದೆ: "ನಡುಹಗಲಿನಲ್ಲಿ ನಮ್ಮ ನೆರಳು ಉತ್ತರಕ್ಕೆ ಬೀಳುತ್ತದೆ." ಮಕ್ಕಳು ಒಕ್ಕೊರಲಿನಿಂದ ಹೇಳಿದರು. ಮಧ್ಯಾಹ್ನದ ಗಂಟೆ ಹೊಡೆಯಿತು. ಊಟಕ್ಕೆಂದು ಎಲ್ಲರೂ ಹೊರಗೆ ಓಡಿದರು. ಸ್ವಲ್ಪ ಹೊತ್ತಿಗೆ ಒಂದು ಹುಡುಗಿ ಹಿಂದಿರುಗಿ ಬಂದು ಬಾಗಿಲಲ್ಲಿ ನಿಂತಳು. "ಸಾ, ಬಾವುಟದ ಕಂಬದ ನೆಳ್ಳು ಕೆರೆ ಕಡೀಕೈತೆ. ಕೆರೆ ತೆಂಕ್ಲಾಗೈತಲ್ಲ?" ಎಂದಳು.

ನಾನು ಹೊರಗೆ ಹೋಗಿ ನೋಡಬೇಕಾಗಿತ್ತು. ಹತ್ತು ಹೆಜ್ಜೆ ಅಷ್ಟೆ. ಹೋಗಲಿಲ್ಲ. ಮೊದಲು, "ನಿನಗೆ ದಿಕ್ಕು ಸರಿಯಾಗಿ ಗೊತ್ತಿಲ್ಲ" ಎಂದೆ. ಅವಳು ಕೆರೆಯನ್ನು ಮತ್ತೆ ಹೇಳಿದಳು. ಎದುರುತ್ತರ ಕೊಡುತ್ತಾಳೆಂದು ನನಗೆ ಸಿಟ್ಟು ಬಂತು. ಹಲಗೆಯ ವಾಕ್ಯವನ್ನು ಸ್ಲೇಟಿನಲ್ಲಿ ಹತ್ತು ಸಲ ಬರೆದು ತೋರಿಸಿ ಊಟಕ್ಕೆ ಹೋಗು ಎಂದೆ. ಅವಳು ಬರೆದಳು. ಹತ್ತನೆಯ ಸಲ ಬರೆದು ತೋರಿಸುವಾಗ ಅವಳ ಮುಖದಲ್ಲಿ ಅಳುವಿರಲಿಲ್ಲ. ಒಂದು ಬಗೆಯ ನಿರ್ಲಿಪ್ತತೆ ಇತ್ತು. ಶಾಲೆಯಲ್ಲಿ ಹೇಳುವುದು ಬೇರೆ, ಹೊರಗೆ ಕಾಣುವುದು ಬೇರೆ; ಶಾಲೆಯಲ್ಲಿ ಶಾಲೆಯದನ್ನೇ ಬರೆಯಬೇಕು ಎಂಬ ನಿರ್ಧಾರಕ್ಕೆ ಆ ಮಗು ಅಂದು ಬಂದಿತ್ತೆಂದು ಈಗ ನನಗನ್ನಿಸುತ್ತದೆ. ಆಮೇಲೆ ಅವಳು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ಅವಳು ಕಂಡದ್ದು ಸರಿ, ನಾನು ಬರೆಸಿದ್ದು ತಪ್ಪು ಎಂದು ನನಗೆ ತಿಳಿದದ್ದು ಹದಿನಾಲ್ಕು ವರ್ಷಗಳ ತರುವಾಯ. ಬೇಸಗೆಯ ರಜದಲ್ಲಿ ನಡೆದ ಶಿಕ್ಷಕರ ಶಿಬಿರವೊಂದರಲ್ಲಿ, ಏಪ್ರಿಲ್ ತಿಂಗಳ ಕೊನೆಯ ವಾರದ ಒಂದು ಮಧ್ಯಾಹ್ನ, ಉಪನ್ಯಾಸಕರು ನಮ್ಮನ್ನೆಲ್ಲ ಬಿಸಿಲಿಗೆ ಕರೆದು ಒಂದು ಸೀಸೆಯನ್ನು ನೆಲದ ಮೇಲೆ ನಿಲ್ಲಿಸಿದರು. ಅದರ ನೆರಳು ಕುಗ್ಗುತ್ತ ಕುಗ್ಗುತ್ತ ಬಂದು ಬುಡದಲ್ಲಿಯೇ ಅಡಗಿಹೋಯಿತು. ಸೂರ್ಯ ನಮ್ಮ ನೆತ್ತಿಯ ಮೇಲೆ ನೇರವಾಗಿದ್ದ. "ನಾಳೆಯಿಂದ ನಡುಹಗಲಿನ ಸೂರ್ಯ ನಮ್ಮ ಉತ್ತರಕ್ಕೆ, ನೆರಳು ದಕ್ಷಿಣಕ್ಕೆ. ಆಗಸ್ಟ್ ನಡುವಿನವರೆಗೂ ಹೀಗೆಯೆ" ಎಂದು ಅವರು ಹೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಬಾವುಟದ ಕಂಬ.

ಕಾರಣ ಸರಳವಾಗಿದೆ. ಸೂರ್ಯ ಒಂದೇ ಹಾದಿಯಲ್ಲಿ ಸಾಗುವುದಿಲ್ಲ. ಮಾರ್ಚ್ 20–21 ಮತ್ತು ಸೆಪ್ಟೆಂಬರ್ 22–23ರ ಸುಮಾರಿಗೆ ಮಾತ್ರ ಅವನು ಸರಿಯಾದ ಪೂರ್ವದಲ್ಲಿ ಹುಟ್ಟಿ ಸರಿಯಾದ ಪಶ್ಚಿಮದಲ್ಲಿ ಮುಳುಗುತ್ತಾನೆ. ಜೂನ್ 21ರ ಹೊತ್ತಿಗೆ ಬೆಂಗಳೂರು, ತುಮಕೂರುಗಳ ಸೀಮೆಯಲ್ಲಿ ಅವನು ಹುಟ್ಟುವ ಜಾಗ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ ಸರಿದಿರುತ್ತದೆ. ಡಿಸೆಂಬರ್ 21ರ ಹೊತ್ತಿಗೆ ಅಷ್ಟೇ ದಕ್ಷಿಣಕ್ಕೆ. ತೋಳನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಅಂದರೆ ಆರು ತಿಂಗಳಲ್ಲಿ ಸೂರ್ಯೋದಯದ ಜಾಗ ಹೆಚ್ಚುಕಡಮೆ ಐದು ಮುಷ್ಟಿಗಳಷ್ಟು ಅಡ್ಡಾಡುತ್ತದೆ. ಡಿಸೆಂಬರಿನಲ್ಲಿ ತೆಂಗಿನ ಮರದ ಹಿಂದೆ ಹುಟ್ಟಿದ ಸೂರ್ಯ ಜೂನಿನಲ್ಲಿ ಪಕ್ಕದ ಬೀದಿಯ ಮಹಡಿಯ ಮೇಲೆ ಕಾಣಿಸಿಕೊಳ್ಳುತ್ತಾನೆ. ಉತ್ತರಾಯಣ, ದಕ್ಷಿಣಾಯನ ಎಂದು ನಾವು ಪಂಚಾಂಗದಲ್ಲಿ ಓದುವುದು ಇದನ್ನೆ.

ನಡುಹಗಲಿನ ಸೂರ್ಯನೂ ಹೀಗೆಯೇ ಉತ್ತರಕ್ಕೂ ದಕ್ಷಿಣಕ್ಕೂ ಚಲಿಸುತ್ತಾನೆ. ಬೆಂಗಳೂರು 13ನೆಯ ಉತ್ತರ ಅಕ್ಷಾಂಶದ ಹತ್ತಿರ ಇದೆ. ಏಪ್ರಿಲ್ 24–25ರ ಸುಮಾರಿಗೆ ಸೂರ್ಯ ಅಲ್ಲಿ ನೆತ್ತಿಗೆ ಬರುತ್ತಾನೆ, ಆಮೇಲೆ ಉತ್ತರಕ್ಕೆ ದಾಟಿ, ಆಗಸ್ಟ್ 18ರ ಸುಮಾರಿಗೆ ಮತ್ತೆ ನೆತ್ತಿಗೆ ಮರಳಿ ದಕ್ಷಿಣಕ್ಕೆ ಇಳಿಯುತ್ತಾನೆ. ಬೀದರಿನಲ್ಲಿ ಇದೇ ಅವಧಿ ಮೇ ತಿಂಗಳ ನಡುವಿನಿಂದ ಜುಲೈ ಕೊನೆಯವರೆಗೆ. ಜೂನ್ ಮೂರನೆಯ ವಾರದಲ್ಲಿ ಬೆಂಗಳೂರಿನ ಕಡೆ ಒಂದು ಮೀಟರ್ ಉದ್ದದ ಕೋಲಿನ ನಡುಹಗಲ ನೆರಳು ಸುಮಾರು 18 ಸೆಂಟಿಮೀಟರ್ ದಕ್ಷಿಣಕ್ಕೆ ಬೀಳುತ್ತದೆ. ಡಿಸೆಂಬರ್ ಮೂರನೆಯ ವಾರದಲ್ಲಿ ಸುಮಾರು 74 ಸೆಂಟಿಮೀಟರ್ ಉತ್ತರಕ್ಕೆ. ಇಪ್ಪತ್ತು ಅಡಿಯ ಬಾವುಟದ ಕಂಬವಾದರೆ ಜೂನಿನಲ್ಲಿ ಮೂರೂವರೆ ಅಡಿಯ ನೆರಳು. ಅದು ಕಣ್ಣಿದ್ದ ಮಗುವಿಗೆ ಕಾಣದಿರುವಷ್ಟು ಚಿಕ್ಕದೇನೂ ಅಲ್ಲ.

ಹಾಗಾದರೆ ಆ ವಾಕ್ಯ ಸುಳ್ಳೆ? ದೆಹಲಿಯ ಮಗುವಿಗೆ ಅದು ವರ್ಷವಿಡೀ ನಿಜ. ಲಂಡನ್ನಿನ ಮಗುವಿಗೂ ನಿಜ. ಕರ್ಕಾಟಕ ಸಂಕ್ರಾಂತಿ ವೃತ್ತದಿಂದ, ಎಂದರೆ ಇಪ್ಪತ್ತಮೂರೂವರೆ ಡಿಗ್ರಿಯಿಂದ ಉತ್ತರಕ್ಕೆ ಇರುವ ಯಾವ ಊರಿನಲ್ಲಿಯೂ ಸೂರ್ಯ ನೆತ್ತಿಗೆ ಬರುವುದೇ ಇಲ್ಲ. ಅಂಥ ನಾಡಿನಲ್ಲಿ ಬರೆದ ವಾಕ್ಯವನ್ನು ನಾವು ಇಲ್ಲಿಗೆ ತಂದು, ಇಲ್ಲಿಯ ಬಿಸಿಲನ್ನು ನೋಡದೆ ಬಾಯಿಪಾಠ ಮಾಡಿದೆವು. ವಿಚಿತ್ರವೆಂದರೆ, ನಮ್ಮ ಶಾಲೆಗಳು ತೆರೆದು ದಿಕ್ಕಿನ ಪಾಠ ಬರುವುದು ಬಹುಶಃ ಜೂನ್, ಜುಲೈ ತಿಂಗಳುಗಳಲ್ಲಿ. ಆ ವಾಕ್ಯ ನಮ್ಮಲ್ಲಿ ತಪ್ಪಾಗುವ ಕಾಲದಲ್ಲಿಯೇ ಅದನ್ನು ಕಲಿಸುತ್ತೇವೆ.

ಇನ್ನೊಂದು ತೊಡಕು ಗಡಿಯಾರದ್ದು. ನಮ್ಮ ದೇಶದ ಗಡಿಯಾರಗಳು 82½ ಡಿಗ್ರಿ ಪೂರ್ವ ರೇಖಾಂಶದ ವೇಳೆಯನ್ನು ತೋರಿಸುತ್ತವೆ. ಬೆಂಗಳೂರು ಅದಕ್ಕಿಂತ ಪಶ್ಚಿಮದಲ್ಲಿರುವುದರಿಂದ ಅಲ್ಲಿ ನಿಜವಾದ ನಡುಹಗಲು ಸರಾಸರಿ 12 ಗಂಟೆ 20 ನಿಮಿಷಕ್ಕೆ, ಮಂಗಳೂರಿನಲ್ಲಿ ಸುಮಾರು ಹನ್ನೆರಡೂವರೆಗೆ. ಋತುವಿಗೆ ತಕ್ಕಂತೆ ಇದರಲ್ಲಿ ಸುಮಾರು ಕಾಲು ಗಂಟೆಯ ವರೆಗೆ ಹೆಚ್ಚುಕಡಮೆ ಉಂಟು. ಗಡಿಯಾರದಲ್ಲಿ ಹನ್ನೆರಡು ಹೊಡೆದೊಡನೆ ನೆರಳನ್ನು ಉತ್ತರ–ದಕ್ಷಿಣವೆಂದು ನಂಬಿದರೆ ದಿಕ್ಕು ತಪ್ಪಿದಂತೆಯೆ.

ಉದಯವನ್ನು ನಂಬುವಂತಿಲ್ಲ, ನಡುಹಗಲನ್ನು ನಂಬುವಂತಿಲ್ಲ ಎಂದರೆ ಮೇಷ್ಟರು ಏನು ಮಾಡಬೇಕು? ನಮ್ಮ ಪೂರ್ವಿಕರು ಇದಕ್ಕೆ ಒಂದು ಉಪಾಯವನ್ನು ಬರೆದಿಟ್ಟಿದ್ದಾರೆ. ಯಜ್ಞವೇದಿಯನ್ನು ದಿಕ್ಕಿಗೆ ಸರಿಯಾಗಿ ಕಟ್ಟಬೇಕಾಗಿದ್ದವರು ಅದನ್ನು ಬಳಸಿದರು. ಕಾತ್ಯಾಯನ ಶುಲ್ಬಸೂತ್ರದಲ್ಲಿ ಅದು ಇದೆ. ಸೂರ್ಯಸಿದ್ಧಾಂತದ ಮೂರನೆಯ ಅಧ್ಯಾಯದಲ್ಲಿಯೂ ಇದೆ. ಆ ಅಧ್ಯಾಯದ ಹೆಸರು ತ್ರಿಪ್ರಶ್ನಾಧಿಕಾರ. ಮೂರು ಪ್ರಶ್ನೆಗಳು ಎಂದರೆ ದಿಕ್ಕು, ದೇಶ, ಕಾಲ.

ಉಪಾಯ ಇಷ್ಟು. ಆಟದ ಬಯಲಿನಲ್ಲಿ ಸಮತಟ್ಟಾದ ನೆಲವನ್ನು ಆರಿಸಿ, ಒಂದು ಮೀಟರ್ ಎತ್ತರದ ನೇರವಾದ ಕೋಲನ್ನು ನೆಟ್ಟಗೆ ನಿಲ್ಲಿಸಿ. ಹಳಬರು ಇದನ್ನು ಶಂಕು ಎಂದರು. ಹಗ್ಗವನ್ನು ಅದರ ಬುಡಕ್ಕೆ ಕಟ್ಟಿ, ಅದನ್ನೇ ಕೇಂದ್ರವಾಗಿಟ್ಟುಕೊಂಡು ಎರಡು ಮೂರು ವೃತ್ತಗಳನ್ನು ಎಳೆಯಿರಿ: ಅರ್ಧ ಮೀಟರಿನದೊಂದು, ಮುಕ್ಕಾಲು ಮೀಟರಿನದೊಂದು, ಒಂದು ಮೀಟರಿನದೊಂದು. ಬೆಳಗ್ಗೆ ನೆರಳು ಉದ್ದವಾಗಿದ್ದು ವೃತ್ತದ ಹೊರಗೆ ಚಾಚಿರುತ್ತದೆ. ಹೊತ್ತು ಏರಿದಂತೆ ಕುಗ್ಗಿ, ಅದರ ತುದಿ ಒಂದು ಗಳಿಗೆಯಲ್ಲಿ ವೃತ್ತವನ್ನು ಮುಟ್ಟುತ್ತದೆ. ಅಲ್ಲಿ ಒಂದು ಕಲ್ಲಿಡಿ. ನಡುಹಗಲು ಕಳೆದ ಮೇಲೆ ನೆರಳು ಇನ್ನೊಂದು ಕಡೆಗೆ ಬೆಳೆಯುತ್ತ ಹೋಗಿ ಅದೇ ವೃತ್ತವನ್ನು ಮತ್ತೆ ಮುಟ್ಟುತ್ತದೆ. ಅಲ್ಲಿ ಎರಡನೆಯ ಕಲ್ಲು. ಎರಡು ಕಲ್ಲುಗಳನ್ನು ಸೇರಿಸುವ ಗೆರೆಯೇ ಪೂರ್ವ–ಪಶ್ಚಿಮ. ಬೆಳಗಿನ ಕಲ್ಲು ಪಶ್ಚಿಮದ್ದು, ಮಧ್ಯಾಹ್ನದ್ದು ಪೂರ್ವದ್ದು. ಆಮೇಲೆ ಎರಡು ಕಲ್ಲುಗಳನ್ನೂ ಕೇಂದ್ರವಾಗಿಟ್ಟು ಒಂದೇ ಅಳತೆಯ ಹಗ್ಗದಿಂದ ಎರಡು ಕಮಾನುಗಳನ್ನು ಎಳೆದರೆ, ಅವು ಒಂದನ್ನೊಂದು ಹಾದು ಮೀನಿನ ಆಕಾರ ಮೂಡುತ್ತದೆ. ಹಳಬರೂ ಇದನ್ನು ಮೀನೆಂದೇ ಕರೆದರು. ಮೀನಿನ ಬಾಯಿಂದ ಬಾಲಕ್ಕೆ ಎಳೆದ ಗೆರೆ ಉತ್ತರ–ದಕ್ಷಿಣ.

ಜೂನಿನಲ್ಲಾಗಲಿ ಡಿಸೆಂಬರಿನಲ್ಲಾಗಲಿ, ಬೆಂಗಳೂರಿನಲ್ಲಾಗಲಿ ಬೀದರಿನಲ್ಲಾಗಲಿ ಈ ಕ್ರಮ ತಪ್ಪುವುದಿಲ್ಲ. ಸೂರ್ಯ ಎಲ್ಲಿ ಹುಟ್ಟಿದ, ಗಡಿಯಾರ ಎಷ್ಟು ತೋರಿಸುತ್ತಿದೆ ಎಂಬುದನ್ನು ಅದು ಕೇಳುವುದೂ ಇಲ್ಲ. ಬೇಸಗೆ–ಮಳೆಗಾಲಗಳಲ್ಲಿ ನೆರಳು ಗಿಡ್ಡವಾದ್ದರಿಂದ ಒಳಗಿನ ವೃತ್ತ, ಚಳಿಗಾಲದಲ್ಲಿ ಹೊರಗಿನ ವೃತ್ತ ಶಾಲೆಯ ವೇಳೆಗೆ ಹೊಂದಿಕೊಳ್ಳುತ್ತದೆ. ಮಕ್ಕಳು ಸೂರ್ಯನನ್ನು ನೇರವಾಗಿ ನೋಡದಂತೆ ಎಚ್ಚರ ವಹಿಸಬೇಕು. ನೋಡಬೇಕಾದ್ದು ನೆಲವನ್ನು, ನೆರಳನ್ನು. ಕಲ್ಲಿಡುವ ಕೆಲಸ ಮಕ್ಕಳದೇ ಆಗಬೇಕು. "ಮುಟ್ಟಿತು, ಇನ್ನೂ ಇಲ್ಲ" ಎಂದು ಅವರು ಜಗಳವಾಡಲಿ. ಆ ಜಗಳವೇ ಪಾಠ.

ಮಲೆನಾಡಿನಲ್ಲಿ, ಕರಾವಳಿಯಲ್ಲಿ ಜೂನ್ ತಿಂಗಳ ಬಿಸಿಲನ್ನು ಕಾಯುತ್ತ ಕುಳಿತರೆ ಆಗುವುದಿಲ್ಲ ಎಂದು ಅಲ್ಲಿಯ ಮೇಷ್ಟರು ಹೇಳಬಹುದು. ನಿಜ. ಅಲ್ಲಿಯ ಮಕ್ಕಳಿಗೆ ಬೇರೆ ಗುರುತುಗಳಿವೆ. ಕರಾವಳಿಯಲ್ಲಿ ಕಡಲು ಪಡುವಣ, ಘಟ್ಟ ಮೂಡಣ. ಗುಡಿಗಳು ಬಹುಮಟ್ಟಿಗೆ ಪೂರ್ವಕ್ಕೆ ಮುಖಮಾಡಿರುತ್ತವೆ. ಆದರೆ ಉಡುಪಿಯ ಕೃಷ್ಣ ಪಶ್ಚಿಮಾಭಿಮುಖ ಎಂದು ಎಲ್ಲರೂ ಬಲ್ಲರು. ನಮ್ಮ ನಾಡಿನ ಮಸೀದಿಗಳಲ್ಲಿ ನಮಾಜಿಗೆ ಮುಖಮಾಡುವ ಗೋಡೆ ಪಶ್ಚಿಮದ ಕಡೆಗೆ, ತುಸು ಉತ್ತರಕ್ಕೆ ವಾಲಿ ಇರುತ್ತದೆ. ಮಕ್ಕಾ ಇರುವುದು ಆ ಕಡೆಗೆ. ಇಂಥ ಗುರುತುಗಳನ್ನು ಮಕ್ಕಳಿಂದಲೇ ಹೇಳಿಸಿ, ಮಳೆ ಹೊಳವಾದ ಮೇಲೆ ಶಂಕುವಿನಿಂದ ಪರೀಕ್ಷಿಸಬಹುದು. ರಾತ್ರಿ ಆಕಾಶ ತಿಳಿಯಾಗಿದ್ದರೆ ಧ್ರುವನಕ್ಷತ್ರವಿದೆ. ಒಂದು ಊರಿನ ಅಕ್ಷಾಂಶ ಎಷ್ಟೋ ಹೆಚ್ಚುಕಡಮೆ ಅಷ್ಟೇ ಡಿಗ್ರಿ ಎತ್ತರದಲ್ಲಿ ಅದು ಕಾಣುತ್ತದೆ. ಬೆಂಗಳೂರಿನಲ್ಲಿ 13, ಬೀದರಿನಲ್ಲಿ 18. ಎಂದರೆ ನಮ್ಮಲ್ಲಿ ಅದು ದಿಗಂತದಿಂದ ಎರಡು ಮುಷ್ಟಿಯೂ ಮೇಲಿಲ್ಲ. ಮರಗಳು ಮರೆಮಾಡಿದರೆ ಕಾಣುವುದೇ ಇಲ್ಲ.

ದಿಕ್ಸೂಚಿಯನ್ನು ನಾನು ಕೊನೆಗೆ ಹೇಳುತ್ತಿರುವುದು ಬೇಕೆಂದೇ. ಸೂಜಿ ತೋರುವುದು ಭೂಮಿಯ ಕಾಂತಕ್ಷೇತ್ರವನ್ನು, ನಿಜವಾದ ಉತ್ತರವನ್ನಲ್ಲ. ಈ ವ್ಯತ್ಯಾಸವನ್ನು ಚೀನದ ವಿದ್ವಾಂಸ ಷನ್ ಕ್ವೊ ಹನ್ನೊಂದನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದಾನೆ. ಕರ್ನಾಟಕದಲ್ಲಿ ವ್ಯತ್ಯಾಸ ಒಂದೆರಡು ಡಿಗ್ರಿಗಳಷ್ಟೆ. ಮಕ್ಕಳ ಕೆಲಸಕ್ಕೆ ಅಡ್ಡಿಯಿಲ್ಲ. ಹೆಚ್ಚಿನ ಅಡ್ಡಿ ಪಕ್ಕದಲ್ಲಿರುವ ಕಬ್ಬಿಣದ ಮೇಜಿನದು. ಈಗ ಮನೆಮನೆಯ ಮೊಬೈಲ್ ಫೋನಿನಲ್ಲಿ ದಿಕ್ಸೂಚಿಯೂ ಇದೆ, ಭೂಪಟವೂ ಇದೆ. ನಾವು ತಿರುಗಿದಂತೆ ಆ ಪಟವೂ ತಿರುಗುತ್ತದೆ. ಬಹು ಉಪಯುಕ್ತವಾದ ಸಾಧನ. ಅದನ್ನು ಹಳಿಯುವವನು ನಾನಲ್ಲ. ಆದರೆ ಅದು ನಮಗೆ ಉತ್ತರವನ್ನು ಹೇಳುತ್ತದೆಯೇ ಹೊರತು, ಉತ್ತರ ಹೇಗೆ ತಿಳಿಯಿತೆಂದು ಹೇಳುವುದಿಲ್ಲ. ಮೊದಲು ಕೋಲು ನೆಟ್ಟು ಗೆರೆ ಎಳೆದ ಮಗು ಆಮೇಲೆ ಆ ಗೆರೆಯ ಮೇಲೆ ದಿಕ್ಸೂಚಿಯನ್ನಿಟ್ಟರೆ, ಸೂಜಿ ಗೆರೆಗೆ ಹೊಂದಿಕೊಳ್ಳುವುದನ್ನು ನೋಡಿ ಹಿಗ್ಗುತ್ತದೆ. ಮೊದಲೇ ದಿಕ್ಸೂಚಿಯನ್ನು ಕೊಟ್ಟ ಮಗುವಿಗೆ ಆ ಹಿಗ್ಗು ಸಿಕ್ಕುವುದಿಲ್ಲ.

ಹಾಗಾಗಿ ಕ್ರಮ ಹೀಗಿರಲಿ. ಒಂದನೆಯ ತರಗತಿಯಲ್ಲಿ ಮನೆಯ ಮಾತು, ಊರಿನ ಗುರುತುಗಳು. ಎರಡನೆಯ ತರಗತಿಯಲ್ಲಿ ಮೂಡುವ, ಮುಳುಗುವ ಜಾಗಗಳನ್ನು ತಿಂಗಳಿಗೊಮ್ಮೆ ಗುರುತುಹಾಕುವುದು. ಮೂರರಲ್ಲಿ ಶಂಕು, ನೆರಳು, ಎರಡು ಕಲ್ಲು. ಭೂಪಟ ನಾಲ್ಕನೆಯ ತರಗತಿಗೆ ಬರಲಿ, ಅದೂ ಮೊದಲು ನೆಲದ ಮೇಲೆ, ಆಮೇಲೆ ಗೋಡೆಗೆ. ಇದಕ್ಕೆ ಹಣ ಬೇಡ. ಬೇಕಾದ್ದು ಒಂದು ಕೋಲು, ಒಂದು ಹಗ್ಗ, ಎರಡು ಕಲ್ಲು. ಮತ್ತು ಮಗು ಬಾಗಿಲಿಗೆ ಬಂದು "ಸಾ, ಹೊರಗೆ ಬೇರೆ ಥರ ಕಾಣ್ತದೆ" ಎಂದಾಗ, "ಬಾ, ನೋಡೋಣ" ಎಂದು ಎದ್ದು ಹೋಗುವ ಮೇಷ್ಟರು.

ನಮ್ಮ ಭಾಷೆಯಲ್ಲಿ ದಿಕ್ಕು ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆ. "ನನಗೆ ಯಾರು ದಿಕ್ಕು?" ಎನ್ನುತ್ತೇವೆ. ಆಸರೆ, ಒತ್ತಾಸೆ ಎಂದು ಅಲ್ಲಿಯ ಅರ್ಥ. ಮಗು ತನ್ನ ಕಣ್ಣಿನಿಂದ ಕಂಡ ಸತ್ಯಕ್ಕೆ ಶಾಲೆಯಲ್ಲಿ ಒಂದು ದಿಕ್ಕು ಇರಬೇಕು. 1981ರ ಆ ಮಧ್ಯಾಹ್ನ ನಾನು ಅಂಥ ದಿಕ್ಕಾಗಲಿಲ್ಲ. ಶಿಬಿರ ಮುಗಿಸಿ ಬಂದ ಮೇಲೆ ಆ ಊರಿಗೆ ಹೋಗಿ ವಿಚಾರಿಸಿದೆ. ಅವಳ ತಂದೆ ತಾಯಿ ಕೂಲಿಗಾಗಿ ಊರು ಬಿಟ್ಟು ಬಹಳ ವರ್ಷವಾಗಿತ್ತು. ಎಲ್ಲಿಗೆ ಹೋದರೆಂದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಈಗ ಅವಳಿಗೆ ಐವತ್ತು ದಾಟಿರಬೇಕು, ಮೊಮ್ಮಕ್ಕಳಿದ್ದರೂ ಇರಬಹುದು. ಎಲ್ಲಾದರೂ ಅಡುಗೆಮನೆಯ ಮೂಲೆಯ ರೇಡಿಯೋದಲ್ಲಿ ಈ ಮಾತು ಅವಳ ಕಿವಿಗೆ ಬಿದ್ದರೆ ತಿಳಿಯಲಿ: ಅಮ್ಮಾ, ಕಂಬದ ನೆರಳು ಅಂದು ಕೆರೆಯ ಕಡೆಗೇ ಬಿದ್ದಿತ್ತು. ನೀನು ಹೇಳಿದ್ದು ಸರಿ.